ಗೋಡೆ ದಾಟಿದ ಹೆಪ್ಪು



ಚರಿತ್ರೆ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ಅರಸರು, ಕೋಟೆಗಳು, ಯುದ್ಧಗಳು. ಕಡೂರು ಸೀಮೆಯ ಶಾಸನಗಳನ್ನು ಬಿ. ಎಲ್. ರೈಸ್ ಅವರು ಸಂಗ್ರಹಿಸಿ 'ಎಪಿಗ್ರಾಫಿಯಾ ಕರ್ನಾಟಿಕ'ದ 6ನೇ ಸಂಪುಟವಾಗಿ 1901ರಲ್ಲಿ ಪ್ರಕಟಿಸಿದರು. ಆಗ ಇಂದಿನ ಚಿಕ್ಕಮಗಳೂರು ಜಿಲ್ಲೆಗೆ ಕಡೂರು ಜಿಲ್ಲೆ ಎಂದೇ ಹೆಸರು. 1947ರವರೆಗೂ ಆ ಹೆಸರೇ ನಡೆಯಿತು. ಭೂಮಿ ಕೊಟ್ಟವರು, ಕೆರೆ ಕಟ್ಟಿಸಿದವರು, ದನ ಕಾಯಲು ಹೋಗಿ ಪ್ರಾಣ ಬಿಟ್ಟವರು ಇಂಥ ಶಾಸನಗಳಲ್ಲಿ ಉಳಿದಿದ್ದಾರೆ. ಆದರೆ ಇವರೆಲ್ಲರಿಗೂ ದಿನಕ್ಕೆರಡು ಹೊತ್ತು ಅನ್ನ ಹಾಕಿದ ಕೈಗಳು ಯಾರವು? ಸೊಪ್ಪಿನ ಸಾರಿನ ಹದವನ್ನು ಯಾರು ಯಾರಿಗೆ ಹೇಳಿಕೊಟ್ಟರು? ಅದನ್ನು ಕಲ್ಲಿನಲ್ಲಿ ಕೊರೆಸುವಷ್ಟು ದೊಡ್ಡ ಸಂಗತಿ ಎಂದು ಯಾರೂ ಭಾವಿಸಲಿಲ್ಲ.

ಆದರೂ ಆ ಚರಿತ್ರೆ ಅಳಿದುಹೋಗಿಲ್ಲ. ಅದು ನಮ್ಮ ತಟ್ಟೆಯಲ್ಲಿದೆ. ಈ ಲೇಖನದಲ್ಲಿ ಹೆಣ್ಣುಮಕ್ಕಳು ಒಬ್ಬರಿಗೊಬ್ಬರು ಹೇಳಿಕೊಡುತ್ತಾ ಬಂದ ಅಡುಗೆಯ ಅರಿವು ಎಷ್ಟು ದೂರ ನಡೆದು ಬಂದಿದೆ, ಯಾವ ಬಾಗಿಲಲ್ಲಿ ನಿಂತುಬಿಟ್ಟಿದೆ ಎಂಬುದನ್ನು ನೋಡೋಣ.

ಬಯಲು ಸೀಮೆಯ ಅಡುಗೆಮನೆ

ಯಗಟಿ ಕಡೂರು ತಾಲ್ಲೂಕಿನ ಒಂದು ಹೋಬಳಿ. ಜಿಲ್ಲೆಯ ಪಶ್ಚಿಮಕ್ಕೆ ಮಳೆ ಸುರಿದು ಕಾಫಿ ಬೆಳೆಯುತ್ತದೆ. ಬೆಟ್ಟ ಇಳಿದು ಪೂರ್ವಕ್ಕೆ ಬಂದರೆ ಮಳೆಯ ನೆರಳಿನ ಬಯಲು. ಇಲ್ಲಿ ರಾಗಿ, ಜೋಳ, ತೆಂಗು, ಈರುಳ್ಳಿ, ಹುರುಳಿ, ಅವರೆ. ಮಳೆ ಕೈಕೊಟ್ಟ ವರ್ಷ ಏನು ತಿನ್ನಬೇಕೆಂಬ ಚಿಂತೆ ಈ ನಾಡಿನ ಅಡುಗೆಯನ್ನು ರೂಪಿಸಿತು.

ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ಹುಲ್ಲು ಹೊದಿಸಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ತೊಗರಿಗೆ ಕೆಮ್ಮಣ್ಣು ಹಚ್ಚಿ ಒಣಗಿಸಿದರೆ ಹುಳು ಹತ್ತುವುದಿಲ್ಲ. ಬೇಳೆಗೆ ಒಂದಿಷ್ಟು ಹರಳೆಣ್ಣೆ ಸವರಿದರೆ ಮಳೆಗಾಲ ದಾಟುತ್ತದೆ. ಕಾಳಿನ ಮಡಕೆಗೆ ಬೂದಿ, ಧಾನ್ಯಕ್ಕೆ ಬೇವಿನ ಎಲೆ. ಹುರುಳಿ ಬೇಯಿಸಿದ ನೀರನ್ನು ಚೆಲ್ಲದೆ ಕಟ್ಟಿನ ಸಾರು ಮಾಡಬೇಕು. ಮುದ್ದೆಗೆ ಎಸರು ಮರಳುವಾಗ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿದು ಕೂಡಲೇ ಕಲಕದೆ ಬೇಯಲು ಬಿಡಬೇಕು. ಆಮೇಲೆ ಕೋಲಿನಿಂದ ತಿರುವಬೇಕು. ಬೆರಳನ್ನು ನೀರಿನಲ್ಲಿ ಅದ್ದಿ ಮುಟ್ಟಿದಾಗ ಅಂಟದಿದ್ದರೆ ಬೆಂದಿತೆಂದು ಅರ್ಥ. ಇವು ಯಾವ ಶಾಲೆಯಲ್ಲೂ ಕಲಿಸಿದ ಪಾಠಗಳಲ್ಲ. ತಾಯಿ ಮಗಳಿಗೆ, ಅತ್ತೆ ಸೊಸೆಗೆ, ನೆರೆಮನೆಯಾಕೆ ಹೊಸದಾಗಿ ಬಂದ ಮದುಮಗಳಿಗೆ ಹೇಳಿಕೊಟ್ಟದ್ದು.

ಹೊಲದ ಕೆಲಸಕ್ಕೆ ಮುಯ್ಯಾಳು ಎಂಬ ಪದ್ಧತಿಯಿದೆ. ಈ ದಿನ ನಾನು ನಿನ್ನ ಹೊಲಕ್ಕೆ, ನಾಳೆ ನೀನು ನನ್ನ ಹೊಲಕ್ಕೆ. ಬೇಸಿಗೆಯಲ್ಲಿ ಹಪ್ಪಳ ಒತ್ತುವಾಗ, ಸಂಡಿಗೆ ಇಡುವಾಗ, ಶಾವಿಗೆ ಹೊಸೆಯುವಾಗ ಹೆಂಗಸರೂ ಹೀಗೆಯೇ ಸೇರುತ್ತಿದ್ದರು. ಕೈ ಕೆಲಸ ಮಾಡುತ್ತಿದ್ದಂತೆ ಬಾಯಿ ಅಡುಗೆಯ ಗುಟ್ಟುಗಳನ್ನು ಬಿಚ್ಚುತ್ತಿತ್ತು. ಎಲ್ಲ ಗುಟ್ಟುಗಳನ್ನೂ ಅಲ್ಲ. ಹೇಳುವಾಗ ಒಂದು ಸಾಮಾನನ್ನು ಮರೆತಂತೆ ಬಿಟ್ಟು ಹೇಳುವ ಜಾಣೆಯರೂ ಪ್ರತಿ ಊರಿನಲ್ಲಿದ್ದರು!

ಅಳತೆಯೂ ಅವರದೇ. ಒಂದು ಹಿಡಿ, ಒಂದು ಚಿಟಿಕೆ, ಅಡಿಕೆ ಗಾತ್ರದ ಬೆಲ್ಲ, ನಿಂಬೆ ಗಾತ್ರದ ಹುಣಸೆ. 1956ರ ಕಾನೂನು ಮೆಟ್ರಿಕ್ ತೂಕವನ್ನು ತಂದ ಮೇಲೂ ಸೇರು, ಪಾವು, ಚಟಾಕು ಅಡುಗೆಮನೆಯನ್ನು ಬಿಟ್ಟು ಹೋಗಲಿಲ್ಲ.

ಪುಸ್ತಕ ಬರೆದವರು, ಬರೆಯದವರು

ಕನ್ನಡದಲ್ಲಿ ಅಡುಗೆಯ ಬಗ್ಗೆ ಬರೆದವರು ಇಲ್ಲವೆಂದಲ್ಲ. ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ, ಎರಡನೆಯ ಚಾವುಂಡರಾಯನು 'ಲೋಕೋಪಕಾರ'ವನ್ನು ರಚಿಸಿದನು. ಬೇಸಾಯ, ಅಂತರ್ಜಲ, ವೈದ್ಯ, ಸುಗಂಧ ಇವುಗಳ ಜೊತೆಗೆ ಸೂಪಶಾಸ್ತ್ರಕ್ಕೂ ಅದರಲ್ಲಿ ಸ್ಥಾನವಿದೆ. ನೂರು ವರ್ಷಗಳ ನಂತರ ಕಲ್ಯಾಣದ ಅರಸ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ 'ಮಾನಸೋಲ್ಲಾಸ'ವನ್ನು ಬರೆದು ಅರಮನೆಯ ಊಟವನ್ನು ವಿವರಿಸಿದನು. 16ನೇ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಪ್ರಭುವಾಗಿದ್ದ ಜೈನಕವಿ ಮೂರನೆಯ ಮಂಗರಸನು 'ಸೂಪಶಾಸ್ತ್ರ'ವೆಂಬ ಕಾವ್ಯವನ್ನೇ ರಚಿಸಿದನು. ಹಿಟ್ಟಿನ ತಿನಿಸು, ಪಾನಕ, ಅನ್ನದ ಬಗೆಗಳು, ಬದನೆ, ಹಲಸು, ಬಾಳೆ, ಬಿದಿರ ಕಳಲೆ ಎಲ್ಲವೂ ಅದರಲ್ಲಿ ಬರುತ್ತವೆ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ ಕವಿ 'ಜೈಮಿನಿ ಭಾರತ'ಕ್ಕೆ ಆರಿಸಿಕೊಂಡ ವಾರ್ಧಕ ಷಟ್ಪದಿಯಲ್ಲೇ ಮಂಗರಸನು ಬದನೆಕಾಯಿ ಪಲ್ಯವನ್ನೂ ಹಾಡಿದ್ದಾನೆ.

ಬರೆದವರೆಲ್ಲ ಗಂಡಸರು, ಅರಸರು ಅಥವಾ ಆಸ್ಥಾನದವರು. ಆದರೆ ಅವರಿಗೆ ಈ ತಿಳಿವಳಿಕೆ ಎಲ್ಲಿಂದ ಬಂತು? ಇಡ್ಲಿಯ ಕಥೆ ಇದಕ್ಕೆ ಉತ್ತರ ಹೇಳುತ್ತದೆ.

10ನೇ ಶತಮಾನದ ಆದಿಯ 'ವಡ್ಡಾರಾಧನೆ'ಯಲ್ಲಿ ಮನೆಗೆ ಬಂದ ಅತಿಥಿಗೆ ಹೆಣ್ಣುಮಗಳೊಬ್ಬಳು ಬಡಿಸುವ ತಿನಿಸುಗಳ ಸಾಲಿನಲ್ಲಿ 'ಇಡ್ಡಲಿಗೆ' ಇದೆ. ಕನ್ನಡದಲ್ಲಿ ಇಡ್ಲಿಯ ಹೆಸರು ಮೊದಲು ಕೇಳಿಸುವುದು ಅರಮನೆಯಲ್ಲಲ್ಲ, ಒಬ್ಬ ಗೃಹಿಣಿಯ ಕೈಯಲ್ಲಿ! ಚಾವುಂಡರಾಯನು ಅದನ್ನು ಮಾಡುವ ಕ್ರಮವನ್ನು ಹೇಳುತ್ತಾನೆ: ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ ನುಣ್ಣಗೆ ರುಬ್ಬಿ, ಮೊಸರಿನ ತಿಳಿನೀರು, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಸೇರಿಸಬೇಕು. 'ಮಾನಸೋಲ್ಲಾಸ'ದಲ್ಲಿ ಅದೇ 'ಇಡ್ಡರಿಕಾ' ಆಗಿದೆ. ಆದರೆ ಈ ಹಳೆಯ ವಿವರಣೆಗಳಲ್ಲಿ ಮೂರು ಸಂಗತಿಗಳಿಲ್ಲ. ಅಕ್ಕಿಯಿಲ್ಲ, ರಾತ್ರಿಯಿಡೀ ಹುದುಗು ಬರಿಸುವುದಿಲ್ಲ, ಹಬೆಯಲ್ಲಿ ಬೇಯಿಸುವುದಿಲ್ಲ. ಇಂದು ಇವು ಮೂರೂ ಇಲ್ಲದೆ ಇಡ್ಲಿಯೇ ಇಲ್ಲ.

ಹಾಗಾದರೆ ಇವನ್ನು ಸೇರಿಸಿದವರು ಯಾರು? ಯಾವ ಅರಸನೂ ಅದಕ್ಕೆ ತನ್ನ ಹೆಸರು ಹಚ್ಚಿಕೊಂಡಿಲ್ಲ. ಬೇಳೆ ತುಟ್ಟಿಯಾದಾಗ ಅಕ್ಕಿ ಬೆರೆಸಿ ನೋಡಿದ ಒಬ್ಬಳು, ರುಬ್ಬಿದ್ದು ಉಳಿದು ಬೆಳಿಗ್ಗೆ ಉಬ್ಬಿದ್ದನ್ನು ಎಸೆಯದೆ ಬೇಯಿಸಿದ ಇನ್ನೊಬ್ಬಳು, 'ಹೀಗೆ ಮಾಡಿದರೆ ಮೆತ್ತಗಾಗುತ್ತೆ ಕಣೇ' ಎಂದು ಪಕ್ಕದ ಮನೆಗೆ ಹೇಳಿದ ಮತ್ತೊಬ್ಬಳು: ಇಂಥವರನ್ನಲ್ಲದೆ ಬೇರೆ ಯಾರನ್ನು ಊಹಿಸಲು ಸಾಧ್ಯ? ನಾಡಿನ ಬೆಳಗಿನ ತಿಂಡಿಯನ್ನು ಕಟ್ಟಿದ್ದು ಹೆಸರಿಲ್ಲದ ಈ ಕೈಗಳೇ.

ಸಮುದ್ರದಾಚೆಯಿಂದ ಬಂದವು

'ನಮ್ಮದು' ಎಂದು ನಾವು ಹೆಮ್ಮೆಪಡುವ ಎಷ್ಟೋ ಪದಾರ್ಥಗಳು ದೂರದಿಂದ ಬಂದವು. ರಾಗಿಯ ತವರು ಪೂರ್ವ ಆಫ್ರಿಕದ ಎತ್ತರದ ನೆಲ. ಸಾವಿರಾರು ವರ್ಷಗಳ ಹಿಂದೆ ಇಲ್ಲಿಗೆ ಬಂದು ಮನೆಮಗಳಾಯಿತು. 20ನೇ ಶತಮಾನದಲ್ಲಿ ರಾಗಿ ತಳಿ ವಿಜ್ಞಾನಿ ಲಕ್ಷ್ಮಣಯ್ಯನವರು ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಕೂಡಿಸಿ ಹೆಚ್ಚು ಇಳುವರಿಯ 'ಇಂಡಾಫ್' ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕ ಸೇರಿ ಇಂಡಾಫ್! ಬೇರೆಯಾದ ಬಂಧುಗಳು ಮತ್ತೆ ಸೇರಿದಂತಾಯಿತು.

ಇನ್ನು ಮೆಣಸಿನಕಾಯಿ. ಅದು ಅಮೆರಿಕ ಖಂಡದ್ದು. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಮೂಲಕ 16ನೇ ಶತಮಾನದಲ್ಲಿ ನಮ್ಮ ಕರಾವಳಿಗೆ ಇಳಿಯಿತು. ಅದಕ್ಕೆ ಮುಂಚೆ ಕನ್ನಡಿಗರಿಗೆ ಖಾರವೆಂದರೆ ಬಳ್ಳಿಯ ಮೆಣಸು. ಹೊಸ ಕಾಯಿ ಬಂದಾಗ ಅದಕ್ಕೆ ಹಳೆಯ ಹೆಸರನ್ನೇ ಕೊಟ್ಟು 'ಮೆಣಸಿನಕಾಯಿ' ಎಂದರು. ಕೊನೆಗೆ ಹೊಸಬ ಎಷ್ಟು ಬಲಿತನೆಂದರೆ, ಹಳಬನೇ 'ಕಾಳುಮೆಣಸು', 'ಕರಿಮೆಣಸು' ಎಂದು ಗುರುತು ಹೇಳಿಕೊಳ್ಳಬೇಕಾಯಿತು. ಆಲೂಗೆಡ್ಡೆ, ಟೊಮೆಟೊ, ಕಡಲೆಕಾಯಿ, ಗೋಡಂಬಿ ಇವೂ ಅದೇ ಅಮೆರಿಕದ ಮೂಲದವು.

ಹಡಗು ಮೆಣಸಿನಕಾಯಿಯನ್ನು ಬಂದರಿಗೆ ತಂದಿತು. ಆದರೆ ಬಂದರಿನಿಂದ ಯಗಟಿಯ ಒರಳಿಗೆ ಅದನ್ನು ತಂದದ್ದು ಸಂತೆಯ ಚೀಲ ಮತ್ತು ಹೆಂಗಸರ ಮಾತು. ಎಷ್ಟು ಹಾಕಬೇಕು, ಹುರಿದು ಹಾಕಬೇಕೋ ಹಸಿಯಾಗಿಯೋ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದರೆ ಬಾಳಕವಾಗುತ್ತದೆ ಎಂಬುದನ್ನು ಯಾರೋ ಯಾರಿಗೋ ಹೇಳಲೇಬೇಕಿತ್ತು. ಗಮನಿಸಿ: ಮಠದ ಅಡುಗೆಯೋ, ಗೌಡರ ಮನೆಯ ಅಡುಗೆಯೋ, ಕೇರಿಯ ಗುಡಿಸಲಿನ ಸಾರೋ, ಮುಸಲ್ಮಾನರ ಪಲಾವೋ, ಕ್ರೈಸ್ತರ ಬಫಾತೋ, ಮೆಣಸಿನಕಾಯಿ ಯಾವ ಮನೆಯಲ್ಲಿಯೂ ಜಾತಿ ಕೇಳಿಸಿಕೊಳ್ಳಲಿಲ್ಲ.

ನಮ್ಮ ಹಬ್ಬದ ತಟ್ಟೆಯೂ ಇದನ್ನೇ ಹೇಳುತ್ತದೆ. ಮಂಗಳೂರಿನ ಕಡೆಯಿಂದ ಘಟ್ಟ ಹತ್ತಿ ಕಾಫಿ ಸೀಮೆಗೆ ಬಂದ ಕ್ರೈಸ್ತ ಕುಟುಂಬಗಳು ಕ್ರಿಸ್ಮಸ್ಸಿಗೆ ಕುಸ್ವಾರ್ ಮಾಡಿ ನೆರೆಹೊರೆಗೆ ಹಂಚುತ್ತವೆ. ಅದರಲ್ಲಿರುವ ನೆವ್ರಿ ನಮ್ಮ ಬಯಲುಸೀಮೆಯ ಕರ್ಜಿಕಾಯಿಯ ಒಡಹುಟ್ಟು. ಅವರ ಸಣ್ಣ ಎಂಬುದು ಹೆಂಡದ ಹುದುಗಿನಿಂದ ಉಬ್ಬಿದ ಇಡ್ಲಿಯ ತಂಗಿ.

ಪಾಕ ದಾಟಿತು, ಪಂಕ್ತಿ ದಾಟಲಿಲ್ಲ

ಇಲ್ಲಿಯವರೆಗೆ ಹೇಳಿದ್ದು ಸಂತೋಷದ ಕಥೆ. ಆದರೆ ಚರಿತ್ರೆಯನ್ನು ಅರ್ಧ ಹೇಳುವುದು ನ್ಯಾಯವಲ್ಲ.

ಹಳ್ಳಿಯಲ್ಲಿ ಬೆರಕೆ ಸೊಪ್ಪಿನ ಸಾರು ಎಂದರೆ ಬಾಯಲ್ಲಿ ನೀರೂರುತ್ತದೆ. ಅಣ್ಣೆಸೊಪ್ಪು, ಗೋಣಿಸೊಪ್ಪು, ಹೊನಗೊನ್ನೆ ಇವುಗಳಲ್ಲಿ ಯಾವುದನ್ನು ಯಾವುದರೊಡನೆ ಬೆರೆಸಬೇಕು, ಯಾವುದು ಕಹಿ, ಯಾವುದು ಹೊಟ್ಟೆಗೆ ಆಗದು ಎಂಬ ಅರಿವು ಹೊಲದಲ್ಲಿ ಬಗ್ಗಿ ಕಳೆ ಕೀಳುವ ಹೆಂಗಸರದು. ಕೂಲಿಗೆ ಬಂದವಳು ಮಡಿಲಲ್ಲಿ ಸೊಪ್ಪು ತುಂಬಿಕೊಂಡು ಹೋಗುವಾಗ ಒಡತಿಗೂ ಒಂದು ಹಿಡಿ ಕೊಟ್ಟು ಮಾಡುವ ಬಗೆ ಹೇಳಿದಳು. ಒಡತಿಯ ಮನೆಯಲ್ಲಿ ಸಾರು ಕುದಿಯಿತು. ಆದರೆ ಹೇಳಿಕೊಟ್ಟವಳು ಆ ಮನೆಯ ಹೊಸಿಲು ದಾಟಿ ಅದನ್ನು ಉಣ್ಣಲಿಲ್ಲ. ಅವಳು ಬೇಯಿಸಿದ್ದನ್ನು ಒಡತಿ ಮುಟ್ಟಲಿಲ್ಲ. ಮಜ್ಜಿಗೆ ಮೇಲಿನಿಂದ ಕೆಳಗೆ ಹರಿಯಿತು, ಎತ್ತರದಿಂದ ಸುರಿದ ಧಾರೆಯಾಗಿ. ಅರಿವು ಕೆಳಗಿನಿಂದ ಮೇಲೆ ಹರಿಯಿತು, ಹೆಸರಿಲ್ಲದೆ.

ಯಾವುದು ಕೀಳು ಊಟ, ಯಾವುದು ಮೇಲು ಊಟ ಎಂಬ ಎಣಿಕೆಯೂ ಕಾಲದಿಂದ ಕಾಲಕ್ಕೆ ಬದಲಾಗಿದೆ. 'ಮಾನಸೋಲ್ಲಾಸ'ದ ಅರಮನೆಯ ತಿನಿಸುಗಳಲ್ಲಿ ಹೊಲದ ಇಲಿಯ ಹುರಿದ ಮಾಂಸವೂ ಇದೆ. ಮುಂದೆ ಅದನ್ನು ತಿಂದವರನ್ನು ಸಮಾಜ ಹೀನರೆಂದು ಕರೆಯಿತು. 16ನೇ ಶತಮಾನದಲ್ಲಿ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಈ ಎಣಿಕೆಯನ್ನೇ ಪ್ರಶ್ನಿಸಿದರು. ಭತ್ತ ಮತ್ತು ರಾಗಿ ಯಾರು ಹೆಚ್ಚೆಂದು ಜಗಳವಾಡುತ್ತವೆ. ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಭತ್ತ ಸೊರಗುತ್ತದೆ, ರಾಗಿ ಗಟ್ಟಿಯಾಗಿ ಉಳಿಯುತ್ತದೆ. ಹಗೇವಿನಲ್ಲಿ ರಾಗಿ ತುಂಬಿಟ್ಟ ಯಾವ ರೈತ ಹೆಂಗಸಿಗೂ ಈ ತೀರ್ಪು ಆಶ್ಚರ್ಯ ತರುವುದಿಲ್ಲ. ಬಡವರ ಧಾನ್ಯಕ್ಕೆ ಮರ್ಯಾದೆ ಸಿಕ್ಕಿದ ಕಥೆ ಅದು. ಆದರೆ ಆ ಧಾನ್ಯವನ್ನು ಬೇಯಿಸಿದವರಿಗೆ?

ನಾವು ಕ್ರೈಸ್ತರು ಇದರಿಂದ ಹೊರಗಿದ್ದೆವೆಂದು ಹೇಳಿಕೊಳ್ಳುವ ಹಾಗಿಲ್ಲ. 1648ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಆರಂಭಿಸಿದ ಯೇಸುಸಭೆಯ ಗುರುಗಳು ಸಂನ್ಯಾಸಿಗಳಂತೆ ಉಟ್ಟು, ಮಾಂಸ ಬಿಟ್ಟು ಬದುಕಿದರು. 1799ರ ನಂತರ ಮೈಸೂರು ಸೀಮೆಗೆ ಬಂದು 1823ರವರೆಗೆ ದುಡಿದ ಅಬ್ಬೆ ದ್ಯುಬುವಾ ಅವರನ್ನು ಜನ 'ದೊಡ್ಡಸ್ವಾಮಿಯವರು' ಎಂದು ಪ್ರೀತಿಯಿಂದ ಕರೆದರು. ಅವರೂ ಇಲ್ಲಿನ ಉಡುಪು, ಊಟ ಎರಡನ್ನೂ ಒಪ್ಪಿಕೊಂಡರು. 1816ರಲ್ಲಿ ಇಂಗ್ಲಿಷಿನಲ್ಲಿ ಅಚ್ಚಾದ ಅವರ ಗ್ರಂಥದಲ್ಲಿ ಯಾರು ಯಾರೊಡನೆ ಉಣ್ಣಬಹುದು, ಯಾರು ಬೇಯಿಸಿದ್ದನ್ನು ಯಾರು ಮುಟ್ಟುವುದಿಲ್ಲ ಎಂಬ ಕಟ್ಟಳೆಗಳ ದೀರ್ಘ ವಿವರಣೆಯಿದೆ. ದಕ್ಷಿಣ ಭಾರತದ ಎಷ್ಟೋ ಕಡೆ ದೀಕ್ಷಾಸ್ನಾನದ ನೀರಿಗೂ ಆ ಕಟ್ಟಳೆಗಳು ತೊಳೆದುಹೋಗಲಿಲ್ಲ. ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆ ಎಂಬುದನ್ನು ಭಾರತದ ಕಥೋಲಿಕ ಬಿಷಪರ ಮಂಡಳಿಯೇ 2016ರ ದಲಿತ ಸಬಲೀಕರಣ ನೀತಿಯಲ್ಲಿ ಒಪ್ಪಿಕೊಂಡಿತು. ಸಂತ ಪೇತ್ರನೇ ಅಂತಿಯೋಕ್ಯದಲ್ಲಿ ಅನ್ಯರೊಡನೆ ಉಣ್ಣುವುದರಿಂದ ಹಿಂದೆ ಸರಿದಾಗ ಸಂತ ಪೌಲನು ಮುಖಾಮುಖಿಯಾಗಿ ಖಂಡಿಸಿದ್ದನ್ನು ನಾವು ಬಲ್ಲೆವು. ಊಟದ ಸಾಲು ಆಗಲೂ ಪರೀಕ್ಷೆಯ ಸ್ಥಳವಾಗಿತ್ತು.

ಹೆಸರು ಬಂದ ಕಾಲ

20ನೇ ಶತಮಾನದಲ್ಲಿ ಒಂದು ಒಳ್ಳೆಯ ಬದಲಾವಣೆ ಆಯಿತು. ಅಡುಗೆ ಮಾಡುವವರೇ ಬರೆಯತೊಡಗಿದರು. ಮುಂಬಯಿಯಲ್ಲಿ ನೆಲೆಸಿದ ಚಿತ್ರಾಪುರ ಸಾರಸ್ವತರ ಮೂಲ ನಮ್ಮ ಉತ್ತರ ಕನ್ನಡ, ದಕ್ಷಿಣ ಕನ್ನಡದ ಕರಾವಳಿ. ಅವರ ಸಾರಸ್ವತ ಮಹಿಳಾ ಸಮಾಜವು 1943ರಲ್ಲಿ ಅಂಬಾಬಾಯಿ ಸಂಶಿ ಅವರ 'ರಸಚಂದ್ರಿಕಾ'ವನ್ನು ಮರಾಠಿಯಲ್ಲಿ ಪ್ರಕಟಿಸಿತು. ಅಡುಗೆಯ ಜೊತೆಗೆ ಮನೆಮದ್ದು, ಹಬ್ಬದ ಆಚರಣೆ, ಉಪಯುಕ್ತ ಸಲಹೆಗಳೂ ಅದರಲ್ಲಿವೆ. ಊರು ಬಿಟ್ಟು ಬಂದವರ ಮಕ್ಕಳಿಗೆ ಅಜ್ಜಿಯ ರುಚಿ ತಪ್ಪಬಾರದೆಂಬ ಕಾಳಜಿ ಅದರ ಹಿಂದಿತ್ತು. ಮದರಾಸಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ ಅವರು ಬಂಧುಗಳು ಪದೇ ಪದೇ ಪಾಕ ಕೇಳುತ್ತಿದ್ದುದರಿಂದ 1951ರಲ್ಲಿ ತಮಿಳಿನ 'ಸಮೈತ್ತುಪ್ಪಾರ್' ಪುಸ್ತಕವನ್ನು ಹೊರತಂದರು. ಅಕ್ಕಪಕ್ಕದಲ್ಲಿ ಕುಳಿತು ಹೇಳುತ್ತಿದ್ದ ಮಾತು ಅಚ್ಚಿನ ಪುಟಕ್ಕೆ ಬಂತು.

ಕನ್ನಡದ ವಾರಪತ್ರಿಕೆಗಳು ಮಹಿಳಾ ಪುಟ ತೆರೆದಾಗ ಹಳ್ಳಿ ಪಟ್ಟಣಗಳ ಗೃಹಿಣಿಯರು ಅಂಚೆ ಕಾರ್ಡಿನಲ್ಲಿ ಪಾಕ ಬರೆದು ಕಳಿಸಿದರು. ಕೆಳಗೆ ಅವರ ಹೆಸರು, ಅವರ ಊರು ಅಚ್ಚಾಯಿತು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿಯ ದನಿ ನಮ್ಮ ಸೀಮೆಯ ಅಡುಗೆಮನೆಗಳನ್ನೂ ಮುಟ್ಟಿತು. ಗೋಡೆಯಾಚೆಯ ನೆರೆಯಾಕೆ ಈಗ ರೇಡಿಯೋದಲ್ಲಿಯೂ ಇದ್ದಳು. ಬೇರೆ ಯಾವ ದಾಖಲೆಯಲ್ಲೂ ಹೆಸರಿಲ್ಲದ ಎಷ್ಟೋ ತಾಯಂದಿರ ಹೆಸರು ಅಚ್ಚಿನಲ್ಲಿ ಕಂಡದ್ದು ಒಂದು ಚಟ್ನಿಪುಡಿಯ ಕೆಳಗೆ ಮಾತ್ರ. ಅದನ್ನು ಕತ್ತರಿಸಿ ಪೆಟ್ಟಿಗೆಯಲ್ಲಿಟ್ಟವರನ್ನು ನೋಡಿ ನಗಬಾರದು.

ಶಾಲೆಯ ಒಲೆ

ಪಂಕ್ತಿಯ ಗೋಡೆಗೂ ಕಾನೂನು ಪೆಟ್ಟು ಕೊಟ್ಟಿತು. 1950ರ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದುಮಾಡಿತು; 1955ರ ಕಾಯ್ದೆ ಹೋಟೆಲಿನಲ್ಲಿ ಲೋಟ ತಟ್ಟೆಗಳ ಭೇದವನ್ನು ಅಪರಾಧವೆಂದಿತು. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟು ಶಾಲಾ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ 2002ರಲ್ಲಿ ಈಶಾನ್ಯದ 7 ಜಿಲ್ಲೆಗಳಲ್ಲಿ, ಮರುವರ್ಷ ಉಳಿದ ಕಡೆ 'ಅಕ್ಷರ ದಾಸೋಹ' ಆರಂಭವಾಯಿತು. 2004ರ ಏಪ್ರಿಲ್ 20ರ ಆದೇಶದಲ್ಲಿ ಅದೇ ನ್ಯಾಯಾಲಯ ಅಡುಗೆಯವರ ನೇಮಕದಲ್ಲಿ ದಲಿತರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದ್ಯತೆ ಕೊಡಬೇಕೆಂದಿತು.

ಈ ಆದೇಶದ ಆಳವನ್ನು ನೋಡಿ. ಶತಮಾನಗಳಿಂದ ಅಡುಗೆ ಹೇಳಿಕೊಟ್ಟು ಬಾಗಿಲಾಚೆ ನಿಂತವಳ ಕೈಗೆ ಊರಿನ ಎಲ್ಲ ಮಕ್ಕಳ ಸೌಟನ್ನು ಕೊಡಲಾಯಿತು. ಕೆಲವು ಕಡೆ ಪೋಷಕರು ಮಕ್ಕಳನ್ನು ಊಟದಿಂದ ಎಬ್ಬಿಸಿದ ಸುದ್ದಿಗಳು ಬಂದವು. ಇಂದಿಗೂ ಆಗಾಗ ಬರುತ್ತವೆ. ಆದರೆ ಸಾವಿರಾರು ಶಾಲೆಗಳಲ್ಲಿ ಮಕ್ಕಳು ಒಟ್ಟಿಗೆ ಕುಳಿತು, ಯಾರು ಬೇಯಿಸಿದರೆಂದು ಕೇಳದೆ, ಇನ್ನೊಂದು ಸೌಟು ಸಾಂಬಾರು ಕೇಳಿದರು.

ನಮ್ಮ ಪಾಲಿನ ಕೆಲಸ

ವಿಶ್ವಸಂಸ್ಥೆ 2023ನ್ನು ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಸಾಮೆ, ನವಣೆ, ಹಾರಕಗಳು ಈಗ ಅಂದದ ಪೊಟ್ಟಣದಲ್ಲಿ ಪಟ್ಟಣಗಳಲ್ಲಿ ಮಾರಾಟವಾಗುತ್ತಿವೆ. ಒಳ್ಳೆಯದೇ. ಆದರೆ ಹಾರಕದ ಸಿಪ್ಪೆ ಬಿಡಿಸುವ ಕಷ್ಟ, ಸಾಮೆ ಅನ್ನ ಮುದ್ದೆಯಾಗದಂತೆ ಇಳಿಸುವ ಹದ ಬಲ್ಲ ಅಜ್ಜಿಯರು ಒಬ್ಬೊಬ್ಬರಾಗಿ ತೀರಿಹೋಗುತ್ತಿದ್ದಾರೆ. ಪೊಟ್ಟಣದ ಮೇಲೆ ಅವರ ಹೆಸರಿಲ್ಲ. ಅವರು ಹೋದರೆ ಒಂದು ಗ್ರಂಥಾಲಯ ಹೋದಂತೆಯೇ. ಅದು ಅಚ್ಚಾಗದ ಗ್ರಂಥಾಲಯವಾದ್ದರಿಂದ ಎರಡನೆಯ ಪ್ರತಿಯೂ ಇರುವುದಿಲ್ಲ.

ಆದ್ದರಿಂದ ಓದುಗರಲ್ಲಿ ಎರಡು ಬಿನ್ನಹ. ಒಂದು: ನಿಮ್ಮ ಮನೆಯ ಹಿರಿಯಳ ಬಳಿ ಕುಳಿತು ಒಂದು ನೋಟುಪುಸ್ತಕದಲ್ಲಿ ಬರೆದುಕೊಳ್ಳಿ. ಪಾಕವನ್ನಷ್ಟೇ ಅಲ್ಲ, ಅದನ್ನು ಆಕೆಗೆ ಹೇಳಿಕೊಟ್ಟವರು ಯಾರೆಂಬುದನ್ನೂ ಕೇಳಿ ಬರೆಯಿರಿ. ಆ ಉತ್ತರದಲ್ಲಿ ಬೇರೆ ಕೇರಿಯ, ಬೇರೆ ಜಾತಿಯ, ಬೇರೆ ಧರ್ಮದ ಒಬ್ಬಳ ಹೆಸರು ಸಿಕ್ಕರೆ ಅದನ್ನು ಬಿಡಬೇಡಿ. ಎರಡು: ಬರುವ ಹಬ್ಬಕ್ಕೆ ಕುಸ್ವಾರಿನ ತಟ್ಟೆ ಕಳಿಸುವಾಗ, ನಾವು ಕೊಡುವ ಮನೆಗಳನ್ನು ಮಾತ್ರ ಎಣಿಸದೆ, ನಾವು ಯಾರ ಮನೆಯಲ್ಲಿ ಕುಳಿತು ಉಂಡಿದ್ದೇವೆ ಎಂಬುದನ್ನೂ ಎಣಿಸೋಣ. ಕೊಡುವುದು ಸುಲಭ, ಇನ್ನೊಬ್ಬರ ಕೈಯಿಂದ ಪಡೆದು ಉಣ್ಣುವುದರಲ್ಲಿ ಸಮಾನತೆ ಇದೆ.

ಸಂಜೆ ಹಾಲು ಕಾಯಿಸಿದ ಮೇಲೆ ಹೆಪ್ಪಿಲ್ಲವೆಂದು ಬಟ್ಟಲು ಹಿಡಿದು ಪಕ್ಕದ ಮನೆಗೆ ಹೋಗುವುದು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಒಂದು ಚಮಚ ಕೊಟ್ಟವರ ಮೊಸರು ಕಡಿಮೆಯಾಗುವುದಿಲ್ಲ, ಪಡೆದವರ ಪಾತ್ರೆ ತುಂಬ ಮೊಸರಾಗುತ್ತದೆ. ಆ ಬಟ್ಟಲು ಊರಿನ ಎಲ್ಲ ಬಾಗಿಲುಗಳಿಗೂ ಹೋಗುವಂತಾಗಲಿ, ಎಲ್ಲ ಬಾಗಿಲುಗಳಿಂದಲೂ ನಮ್ಮ ಮನೆಗೆ ಬರುವಂತಾಗಲಿ.